ಹೆಸರಿಲ್ಲದ ಫೈಲ್ ಯಾವ ಬಗೆಯದು? ಲಿನಕ್ಸ್‌ನಲ್ಲಿ ಯಾವ ಕಮಾಂಡನ್ನು ಕೇಳಬೇಕು?

ನನ್ನ ಹಳೆಯ ಹಾರ್ಡ್ ಡಿಸ್ಕ್ ಒಂದು ದಿನ ಕರೆಂಟ್ ಹೋಗಿ ಬಂದ ಮೇಲೆ ಮೌಂಟ್ ಆಗಲೇ ಇಲ್ಲ. ಡಿಸ್ಕಿನ ದೋಷ ಸರಿಪಡಿಸುವ ಎಫ್‌ಎಸ್‌ಸಿಕೆ ಕಮಾಂಡ್ ರನ್ ಮಾಡಿದೆ. ಡಿಸ್ಕ್ ತೆರೆದುಕೊಂಡಿತು. ಆದರೆ ಅರ್ಧಕ್ಕರ್ಧ ಫೈಲುಗಳು 'ಲಾಸ್ಟ್+ಫೌಂಡ್' ಫೋಲ್ಡರಿನಲ್ಲಿ ಬಿದ್ದಿದ್ದವು. ಒಂದಕ್ಕೂ ಹೆಸರಿಲ್ಲ, ಎಕ್ಸ್‌ಟೆನ್ಷನ್ ಇಲ್ಲ. ಒಂದು # ಗುರುತು, ಅದರ ಪಕ್ಕ ಐನೋಡ್ ಸಂಖ್ಯೆ (ಡಿಸ್ಕಿನೊಳಗೆ ಪ್ರತಿ ಫೈಲಿಗೂ ಇರುವ ಗುರುತಿನ ಸಂಖ್ಯೆ), ಅಷ್ಟೇ. ಅದರೊಳಗೆ ಅಪ್ಪನ ಫೋಟೊಗಳಿದ್ದವು, ಜಮೀನಿನ ಕಾಗದಗಳ ಸ್ಕ್ಯಾನ್ ಇತ್ತು, ನಾನು ಬರೆದ ಪ್ರೋಗ್ರಾಂಗಳಿದ್ದವು. ಯಾವುದು ಯಾವುದೋ ಗೊತ್ತಾಗುವ ಹಾಗಿರಲಿಲ್ಲ.

ಆ ರಾಶಿಯನ್ನು ವಿಂಗಡಿಸುವಾಗ ಲಿನಕ್ಸ್‌ನಲ್ಲಿ ಸಿಗುವ ಬಹುತೇಕ ಸಾಧನಗಳನ್ನು ಬಳಸಿದೆ. ಆಮೇಲೆ ಹಲವರು ನನ್ನನ್ನು ಇದೇ ಪ್ರಶ್ನೆ ಕೇಳಿದ್ದಾರೆ. 'ಫೈಲ್' ಕಮಾಂಡ್ ಸಾಕಾ? ಮೈಮ್‌ಟೈಪ್ ಎಂಬ ಇನ್ನೊಂದು ಕಮಾಂಡ್ ಯಾಕೆ ಬೇರೆ ಉತ್ತರ ಕೊಡುತ್ತದೆ? ಗೂಗಲ್‌ನ ಮ್ಯಾಜಿಕಾ ಹಾಕಿಕೊಳ್ಳಬೇಕಾ? ಎಲ್ಲರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಫೈಲ್ ಯಾವುದೆಂದು ಗೊತ್ತಾದ ಮೇಲೆ ನೀವು ಅದನ್ನು ಏನು ಮಾಡುತ್ತೀರಿ ಎನ್ನುವುದರ ಮೇಲೆ ಆಯ್ಕೆ ನಿಂತಿದೆ.

ಮೊದಲು ಅಳತೆಗೋಲು

ಒಂದು ಫೈಲ್ ಏನೆಂದು ತಿಳಿಯಲು ಕಂಪ್ಯೂಟರಿಗೆ ಮುಖ್ಯವಾಗಿ ಮೂರು ದಾರಿಗಳಿವೆ. ಹೆಸರಿನ ಕೊನೆಯಲ್ಲಿರುವ ಎಕ್ಸ್‌ಟೆನ್ಷನ್ ನೋಡಬಹುದು. ಫೈಲಿನೊಳಗೆ ಗೊತ್ತಾದ ಜಾಗದಲ್ಲಿರುವ ಗುರುತಿನ ಬೈಟುಗಳನ್ನು ನೋಡಬಹುದು. ಇಲ್ಲವೇ ಒಳಗಿನದನ್ನು ಇನ್ನಷ್ಟು ಓದಿ ಅದರ ರಚನೆಯಿಂದ ಊಹಿಸಬಹುದು.

ಎರಡನೆಯದಕ್ಕೆ ಮ್ಯಾಜಿಕ್ ನಂಬರ್ ಎನ್ನುತ್ತಾರೆ. ಪಿಎನ್‌ಜಿ ಚಿತ್ರ ಯಾವಾಗಲೂ 89 50 4ಇ 47 ಎಂಬ ಬೈಟುಗಳಿಂದ (ಹದಿನಾರರ ಲೆಕ್ಕದ ಹೆಕ್ಸ್ ಅಂಕಿಗಳಲ್ಲಿ) ಶುರುವಾಗುತ್ತದೆ. ಜೆಪೆಗ್‌ಗೆ ಎಫ್‌ಎಫ್ ಡಿ8 ಎಫ್‌ಎಫ್. ಜಿಪ್ ಫೈಲಿನ ಮೊದಲ ಎರಡು ಅಕ್ಷರ 'ಪಿಕೆ', ಅದನ್ನು ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ಈ ಗುರುತು ಯಾವಾಗಲೂ ಶುರುವಿನಲ್ಲೇ ಇರಬೇಕೆಂದಿಲ್ಲ. ಟಾರ್ ಫೈಲಿನಲ್ಲಿ 'ಯುಸ್ಟಾರ್' ಎಂಬ ಪದ 257ನೇ ಬೈಟಿನ ಹತ್ತಿರ ಕೂತಿರುತ್ತದೆ. ಸಿಡಿಯ ಐಎಸ್‌ಒ ಇಮೇಜಿನಲ್ಲಿ 32769ರ ತನಕ ಹೋಗಬೇಕು.

ಹೀಗಾಗಿ ಸಾಧನವನ್ನು ಆರಿಸುವಾಗ ನಾನು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇನೆ. ಅದು ಹೆಸರನ್ನು ನಂಬುತ್ತದೋ, ಒಳಗಿರುವುದನ್ನೋ? ಸುಮ್ನೆ 'ಜಿಪ್' ಎಂದು ನಿಲ್ಲುತ್ತದೋ, 'ಇದು ವರ್ಡ್ ಡಾಕ್ಯುಮೆಂಟ್' ಎನ್ನುವಷ್ಟು ಆಳಕ್ಕೆ ಹೋಗುತ್ತದೋ? ಬರೀ ಅಕ್ಷರಗಳಿರುವ ಟೆಕ್ಸ್ಟ್ ಫೈಲುಗಳಲ್ಲಿ ಹೇಗೆ? ಸಾವಿರಾರು ಫೈಲುಗಳಿದ್ದರೆ ಎಷ್ಟು ಹೊತ್ತು? ಗೊತ್ತಿಲ್ಲದಾಗ ಗೊತ್ತಿಲ್ಲ ಎನ್ನುತ್ತದಾ? ಈ ಕೊನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ತಪ್ಪು ಉತ್ತರ ನಂಬಿ ನೂರು ಫೈಲುಗಳ ಹೆಸರು ಬದಲಿಸಿದ ಮೇಲೆ ಅದರ ಬೆಲೆ ಗೊತ್ತಾಗುತ್ತದೆ.

ದುಡ್ಡಿನ ಲೆಕ್ಕ ಇಲ್ಲಿ ಹೆಚ್ಚಿಲ್ಲ. ಮನೆ ಬಳಕೆಗೆ ಇವೆಲ್ಲ ಉಚಿತವೇ. ಖರ್ಚಾಗುವುದು ಡಿಸ್ಕಿನ ಜಾಗ, ಮೆಮೊರಿ ಮತ್ತು ನಿಮ್ಮ ಸಮಯ.

'ಫೈಲ್': ಮನೆಯಲ್ಲೇ ಇರುವ ಸಾಧನ

ಎಲ್ಲರೂ ಶುರು ಮಾಡಬೇಕಾದದ್ದು ಇಲ್ಲಿಂದ. ಈ ಕಮಾಂಡ್ 1973ರಲ್ಲಿ ಯುನಿಕ್ಸ್‌ನ ನಾಲ್ಕನೇ ಆವೃತ್ತಿಯಲ್ಲೇ ಇತ್ತು. ಇವತ್ತು ನಮ್ಮ ಲಿನಕ್ಸ್‌ಗಳಲ್ಲಿರುವುದು 1980ರ ದಶಕದಲ್ಲಿ ಇಯಾನ್ ಡಾರ್ವಿನ್ ಹೊಸದಾಗಿ ಬರೆದದ್ದು. ಈಗ ಕ್ರಿಸ್ಟೋಸ್ ಜೌಲಾಸ್ ಅದನ್ನು ನೋಡಿಕೊಳ್ಳುತ್ತಾರೆ. ಉಬುಂಟು, ಡೆಬಿಯನ್, ಫೆಡೋರಾ, ಯಾವುದರಲ್ಲಾದರೂ ಸಾಮಾನ್ಯವಾಗಿ ಮೊದಲೇ ಇರುತ್ತದೆ.

ಅದು ಮೂರು ಹಂತದಲ್ಲಿ ನೋಡುತ್ತದೆ. ಮೊದಲು, ಇದು ನಿಜವಾಗಿ ಫೈಲೋ, ಫೋಲ್ಡರೋ, ಸಿಮ್‌ಲಿಂಕೋ (ಇನ್ನೊಂದು ಫೈಲಿನತ್ತ ತೋರಿಸುವ ಕೊಂಡಿ), ಡಿವೈಸೋ ಎಂದು. ಆಮೇಲೆ ಮ್ಯಾಜಿಕ್ ನಂಬರುಗಳ ದೊಡ್ಡ ಪಟ್ಟಿಯೊಂದಿಗೆ ತಾಳೆ ಹಾಕುತ್ತದೆ. ಅದೂ ಆಗದಿದ್ದರೆ, ಇದು ಟೆಕ್ಸ್ಟ್ ಇರಬಹುದಾ, ಯಾವ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಕ್ರಮ) ಎಂದು ನೋಡುತ್ತದೆ. ಹೆಸರಿನ ಎಕ್ಸ್‌ಟೆನ್ಷನ್‌ಗೆ ಇದರಲ್ಲಿ ಯಾವ ಬೆಲೆಯೂ ಇಲ್ಲ. ಅದೇ ಇದರ ದೊಡ್ಡ ಗುಣ.

ಇದರ ಲಾಭ ದಿನಬಳಕೆಯಲ್ಲೇ ಕಾಣುತ್ತದೆ. ಇಂಟರ್ನೆಟ್ಟಿನಿಂದ ಇಳಿಸಿದ ಚಿತ್ರ ಹೆಸರಿನಲ್ಲಿ ಜೆಪಿಜಿ, ಒಳಗೆ ವೆಬ್‌ಪಿ. ಎಕ್ಸ್‌ಎಲ್‌ಎಸ್ ಎಂದು ಇಳಿದ ಸ್ಟೇಟ್‌ಮೆಂಟ್ ತೆರೆದರೆ ಎಕ್ಸೆಲ್ ಗೊಣಗುತ್ತದೆ. 'ಫೈಲ್' ಕೇಳಿದರೆ ಅದು ಬರೀ ಎಚ್‌ಟಿಎಂಎಲ್ ಟೇಬಲ್ ಎಂದು ಹೇಳಿಬಿಡುತ್ತದೆ. ಎಷ್ಟೋ ಗೊಂದಲ ಒಂದೇ ಸಾಲಿನಲ್ಲಿ ಮುಗಿಯುತ್ತದೆ, ಅಲ್ವಾ?

ಮನುಷ್ಯರು ಓದಲು ಮಾಮೂಲಿ ಉತ್ತರವೇ ಚೆನ್ನ. ಚಿತ್ರವಾದರೆ ಅಗಲ, ಎತ್ತರವನ್ನೂ ಹೇಳುತ್ತದೆ. ಸ್ಕ್ರಿಪ್ಟ್ ಬರೆಯುವವರು ಹಾಗೆ ಬಳಸಬೇಡಿ. ಆ ವಿವರಣೆಯ ಪದಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. 'ಹೈಫನ್ ಬಿ' ಮತ್ತು 'ಮೈಮ್-ಟೈಪ್' ಆಯ್ಕೆಗಳನ್ನು ಒಟ್ಟಿಗೆ ಕೊಡಿ. ಆಗ 'ಇಮೇಜ್/ಜೆಪೆಗ್' ಎಂಬಂಥ ಗಟ್ಟಿಯಾದ ಉತ್ತರ ಮಾತ್ರ ಬರುತ್ತದೆ. ಫೈಲ್ ಬಗೆಗಳ ಇಂಥ ಸಿದ್ಧ ಹೆಸರಿಗೆ ಮೈಮ್ ಟೈಪ್ ಎನ್ನುತ್ತಾರೆ. ಇನ್ನೊಂದು ವಿಷಯ. ಫೈಲ್ ಇಲ್ಲದೇ ಇದ್ದರೂ ಈ ಕಮಾಂಡ್ 'ಕೆಲಸ ಸರಿಯಾಗಿ ಆಯಿತು' ಎನ್ನುವ ಸೊನ್ನೆ ಸಂಕೇತವನ್ನೇ ಹಿಂದಿರುಗಿಸುತ್ತದೆ. 'ತೆರೆಯಲಾಗಲಿಲ್ಲ' ಎಂಬ ಮಾತನ್ನೂ ಉತ್ತರದ ಜಾಗದಲ್ಲೇ ಹೇಳುತ್ತದೆ. ತಪ್ಪನ್ನು ತಪ್ಪೆಂದೇ ತಿಳಿಸಬೇಕಿದ್ದರೆ ದೊಡ್ಡಕ್ಷರದ 'ಹೈಫನ್ ಇ' ಕೊಡಬೇಕು. ನನ್ನ ಒಂದು ಸ್ಕ್ರಿಪ್ಟ್ ಇದು ಗೊತ್ತಿಲ್ಲದೆ ಬಹಳ ದಿನ ತಪ್ಪು ಲೆಕ್ಕ ಕೊಟ್ಟಿತ್ತು.

ಕೊರತೆ ಎಲ್ಲಿ? ಮ್ಯಾಜಿಕ್ ನಿಯಮ ಚಿಕ್ಕದಾದಷ್ಟೂ ತಪ್ಪಾಗುವ ಸಾಧ್ಯತೆ ಜಾಸ್ತಿ. ಇದಕ್ಕೆ ಉಬುಂಟುವಿನಲ್ಲಿ ಹಿಂದೆ ನಡೆದ ಒಂದು ಸಂಗತಿ ಒಳ್ಳೆಯ ಉದಾಹರಣೆ. ಕೆಲವರಿಗೆ ಮಂಗಳವಾರ ಮಾತ್ರ ಓಪನ್‌ಆಫೀಸ್‌ನಿಂದ ಪ್ರಿಂಟ್ ಆಗುತ್ತಿರಲಿಲ್ಲ. ಹುಡುಕಿದಾಗ ಕಾರಣ 'ಫೈಲ್' ಕಮಾಂಡಿನ ಪಟ್ಟಿಯಲ್ಲಿ ಸಿಕ್ಕಿತು. ಎರ್ಲ್ಯಾಂಗ್ ಭಾಷೆಯ ಒಂದು ಬಗೆಯ ಫೈಲನ್ನು ಗುರುತಿಸಲು ಪೂರ್ತಿ ದಿನಾಂಕವೊಂದನ್ನು ಬರೆದಿದ್ದರು. ಖಾಲಿ ಜಾಗಗಳನ್ನು ಸರಿಯಾಗಿ ಗುರುತು ಮಾಡದ ಕಾರಣ ನಿಯಮದಲ್ಲಿ ಉಳಿದದ್ದು ಮಂಗಳವಾರ ಎನ್ನುವ ಮೂರಕ್ಷರದ ಇಂಗ್ಲಿಷ್ ಪದ ಮಾತ್ರ. ಮಂಗಳವಾರ ಪ್ರಿಂಟಿಗೆಂದು ತಯಾರಾದ ಪೋಸ್ಟ್‌ಸ್ಕ್ರಿಪ್ಟ್ ಫೈಲಿನಲ್ಲಿ ಅದೇ ಪದ ಅದೇ ಜಾಗದಲ್ಲಿ ಬಂದು, ಅದು ಎರ್ಲ್ಯಾಂಗ್ ಫೈಲ್ ಎಂದಾಗಿಬಿಡುತ್ತಿತ್ತು.

ಇನ್ನೊಂದು ಕೊರತೆ ಜಿಪ್‌ನ ಸಂಸಾರದ್ದು. ಡಾಕ್‌ಎಕ್ಸ್, ಎಕ್ಸ್‌ಎಲ್‌ಎಸ್‌ಎಕ್ಸ್, ಒಡಿಟಿ, ಇಪಬ್, ಜಾರ್, ಎಪಿಕೆ, ಇವೆಲ್ಲ ಒಳಗೆ ಜಿಪ್ ಫೈಲುಗಳೇ. ಒಡಿಟಿ ಮತ್ತು ಇಪಬ್‌ನಲ್ಲಿ ಮೊದಲ ಸದಸ್ಯನಾಗಿ 'ಮೈಮ್‌ಟೈಪ್' ಎಂಬ ಪುಟ್ಟ ಫೈಲನ್ನು ಒತ್ತದೆ ಇಡಬೇಕೆಂಬ ನಿಯಮವಿದೆ. ಹಾಗಾಗಿ ಅವು ಸುಲಭವಾಗಿ ಸಿಕ್ಕಿಬೀಳುತ್ತವೆ. ಡಾಕ್‌ಎಕ್ಸ್‌ಗೆ ಅಂಥ ಗುರುತಿಲ್ಲ. ಬೇರೆ ಯಾವುದೋ ಪ್ರೋಗ್ರಾಂ ಒಳಗಿನವನ್ನು ಬೇರೆ ಕ್ರಮದಲ್ಲಿ ಜೋಡಿಸಿದ್ದರೆ 'ಫೈಲ್' ಬರೀ ಜಿಪ್ ಎಂದು ನಿಂತುಬಿಡಬಹುದು. ಆಗ ಅನ್‌ಜಿಪ್‌ಗೆ 'ಹೈಫನ್ ಎಲ್' ಕೊಟ್ಟು ಪಟ್ಟಿ ನೋಡಿ. 'ವರ್ಡ್' ಎಂಬ ಫೋಲ್ಡರ್ ಇದ್ದರೆ ಡಾಕ್‌ಎಕ್ಸ್, 'ಎಕ್ಸ್‌ಎಲ್' ಇದ್ದರೆ ಎಕ್ಸೆಲ್.

ಮೈಮ್‌ಟೈಪ್ ಮತ್ತು ಎಕ್ಸ್‌ಡಿಜಿ-ಮೈಮ್

ಲಿನಕ್ಸ್ ಡೆಸ್ಕ್‌ಟಾಪ್‌ಗಳಿಗೆ ಸಾಮಾನ್ಯ ನಿಯಮ ರೂಪಿಸುವ ಫ್ರೀಡೆಸ್ಕ್‌ಟಾಪ್ ಯೋಜನೆಯ ಹಂಚಿಕೆಯ ಮೈಮ್ ಪಟ್ಟಿಯನ್ನು ಇವೆರಡೂ ಬಳಸುತ್ತವೆ. ಮೈಮ್‌ಟೈಪ್ ಪರ್ಲ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ. ಇದು ಬಹಳ ಗಟ್ಟಿಯಾದ ಮ್ಯಾಜಿಕ್ ಸಿಕ್ಕರೆ ಮಾತ್ರ ಅದನ್ನು ಮೊದಲು ನಂಬುತ್ತದೆ. ಇಲ್ಲದಿದ್ದರೆ ಎಕ್ಸ್‌ಟೆನ್ಷನ್ ಹೇಳಿದ್ದೇ ಸರಿ. ಅದಕ್ಕೇ ಜೆಪಿಜಿ ಹೆಸರಿನ ವೆಬ್‌ಪಿ ಕೊಟ್ಟರೆ 'ಫೈಲ್' ಒಂದು ಹೇಳುತ್ತದೆ, ಇದು ಇನ್ನೊಂದು.

ಹಾಗಾದರೆ ಇದು ಕೆಲಸಕ್ಕೆ ಬಾರದ್ದಾ? ಖಂಡಿತ ಅಲ್ಲ. ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಯಾಕೆ ತಪ್ಪು ಪ್ರೋಗ್ರಾಂ ತೆರೆಯುತ್ತದೆ ಎಂದು ತಲೆ ಕೆಡಿಸಿಕೊಂಡವರಿಗೆ ಎಕ್ಸ್‌ಡಿಜಿ-ಮೈಮ್‌ನ 'ಕ್ವೆರಿ ಫೈಲ್‌ಟೈಪ್' ಸರಿಯಾದ ಸಾಧನ. ನಿಮ್ಮ ಡೆಸ್ಕ್‌ಟಾಪ್ ಆ ಫೈಲನ್ನು ಏನೆಂದುಕೊಂಡಿದೆ ಎನ್ನುವುದನ್ನು ಅದು ಹೇಳುತ್ತದೆ. ಜೊತೆಗೆ ಹೆಸರು ಸರಿ ಇರುವ ಸೋರ್ಸ್ ಕೋಡ್ ಫೈಲುಗಳಲ್ಲಿ ಎಕ್ಸ್‌ಟೆನ್ಷನ್ ನಂಬುವುದೇ ಒಳ್ಳೆಯದು. ಎರಡು ಸಾಲಿನ ಪೈಥಾನ್ ಫೈಲನ್ನು 'ಫೈಲ್' ಆಸ್ಕಿ ಟೆಕ್ಸ್ಟ್ (ಬರೀ ಇಂಗ್ಲಿಷ್ ಅಕ್ಷರಗಳ ಸಾದಾ ಟೆಕ್ಸ್ಟ್) ಎಂದು ಬಿಡಬಹುದು. ಮೈಮ್‌ಟೈಪ್ ಸರಿಯಾಗಿ ಹೇಳುತ್ತದೆ.

ನಾನು 'ಫೈಲ್' ಮತ್ತು ಮೈಮ್‌ಟೈಪ್ ಎರಡನ್ನೂ ಜೋಡಿ ಮಾಡಿ ಬಳಸುತ್ತೇನೆ. ಒಂದೇ ಫೋಲ್ಡರಿನ ಮೇಲೆ ಎರಡನ್ನೂ ರನ್ ಮಾಡಿ, ಉತ್ತರ ಹೊಂದದ ಫೈಲುಗಳನ್ನು ಮಾತ್ರ ನೋಡುತ್ತೇನೆ. ತಪ್ಪು ಎಕ್ಸ್‌ಟೆನ್ಷನ್ ಇರುವವು ಬಹುಪಾಲು ಅಲ್ಲೇ ಸಿಗುತ್ತವೆ. ಆದರೆ ಲಾಸ್ಟ್+ಫೌಂಡ್‌ನಂಥ ಕಡೆ, ಹೆಸರೇ ಇಲ್ಲದಿರುವಾಗ, ಮೈಮ್‌ಟೈಪ್‌ನಿಂದ ವಿಶೇಷ ಲಾಭವಿಲ್ಲ.

ಫೋಟೊ ಜಾಸ್ತಿ ಇದ್ದರೆ ಎಕ್ಸಿಫ್‌ಟೂಲ್

ಫಿಲ್ ಹಾರ್ವಿ 2003ರಿಂದ ಬೆಳೆಸಿಕೊಂಡು ಬಂದ ಪ್ರೋಗ್ರಾಂ ಇದು. ಮುಖ್ಯ ಕೆಲಸ ಫೋಟೊದೊಳಗಿನ ಮಾಹಿತಿ ಓದುವುದು. ಬಗೆ ಹೇಳುವುದು ಅದರ ಜೊತೆಗೆ ಬರುವ ಲಾಭ. ಅದರ ಉತ್ತರದಲ್ಲಿ ಫೈಲ್ ಬಗೆ, ಮೈಮ್ ಟೈಪ್, ಇರಬೇಕಾದ ಎಕ್ಸ್‌ಟೆನ್ಷನ್ ಮೂರೂ ಇರುತ್ತವೆ. ತೆಗೆದ ದಿನಾಂಕ ಮತ್ತು ಕ್ಯಾಮೆರಾ ಹೆಸರೂ ಸಿಗುತ್ತವೆ. ಅಪ್ಪನ ಫೋಟೊಗಳಿಗೆ ಹೊಸ ಹೆಸರು ಕೊಟ್ಟಿದ್ದು ಇದರಿಂದಲೇ. ತೆಗೆದ ದಿನಾಂಕವನ್ನೇ ಹೆಸರು ಮಾಡಿ, ಸರಿಯಾದ ಎಕ್ಸ್‌ಟೆನ್ಷನ್ ಹಚ್ಚುವುದನ್ನು ಒಂದೇ ಕಮಾಂಡಿನಲ್ಲಿ ಮಾಡುತ್ತದೆ. ಬೇರೆ ಯಾವ ಸಾಧನವೂ ಈ ಕೆಲಸಕ್ಕೆ ಇದರ ಹತ್ತಿರ ಬರುವುದಿಲ್ಲ.

ಒಂದು ಕಡೆ ಎಚ್ಚರ ಬೇಕು. ಫೋಲ್ಡರ್ ಕೊಟ್ಟರೆ ಇದು ತನಗೆ ಗೊತ್ತಿರುವ ಎಕ್ಸ್‌ಟೆನ್ಷನ್ ಇರುವ ಫೈಲುಗಳನ್ನು ಮಾತ್ರ ನೋಡುತ್ತದೆ. ಹೆಸರಿಲ್ಲದವನ್ನು ಸದ್ದಿಲ್ಲದೆ ದಾಟಿ ಹೋಗುತ್ತದೆ. 'ಎಕ್ಸ್ಟ್' ಆಯ್ಕೆಗೆ ನಕ್ಷತ್ರದ ಗುರುತು ಕೊಟ್ಟರೆ ಎಲ್ಲವನ್ನೂ ನೋಡುತ್ತದೆ. ವೇಗದ ಮಾತಿಗೆ ಬಂದರೆ, ಇದೂ ಪರ್ಲ್‌ನಲ್ಲಿ ಬರೆದದ್ದು, ಪರ್ಲ್ ಶುರುವಾಗಲು ಪ್ರತಿ ಸಲ ಸ್ವಲ್ಪ ಹೊತ್ತು ಬೇಕು. ಒಂದೊಂದು ಫೈಲಿಗೆ ಒಂದೊಂದು ಸಲ ಕರೆದರೆ ದಿನವಿಡೀ ಕಾಯಬೇಕಾಗುತ್ತದೆ. ಇಡೀ ಫೋಲ್ಡರನ್ನು ಒಂದೇ ಸಲ ಕೊಡಿ. ಚಿತ್ರ, ವಿಡಿಯೊ, ಪಿಡಿಎಫ್ ಬಿಟ್ಟು ಸೋರ್ಸ್ ಕೋಡ್ ಕೊಟ್ಟರೆ ಇದರಿಂದ ಏನೂ ಉಪಯೋಗವಿಲ್ಲ.

ಟೆಕ್ಸ್ಟ್ ಫೈಲುಗಳ ಕಷ್ಟ, ಕನ್ನಡದ ಕಷ್ಟ

ಟೆಕ್ಸ್ಟ್ ಫೈಲಿಗೆ ಮ್ಯಾಜಿಕ್ ನಂಬರ್ ಇಲ್ಲ. ಹಾಗಾಗಿ ಇದು ಜಾವಾಸ್ಕ್ರಿಪ್ಟೋ, ಸಿಎಸ್‌ಎಸ್ಸೋ, ಸುಮ್ನೆ ಟಿಪ್ಪಣಿಯೋ ಎನ್ನುವುದು ಬರೀ ಊಹೆ. ಮ್ಯಾಜಿಕಾ ಹುಟ್ಟಿದ್ದು ಇಂಥ ಕಡೆ ಚೆನ್ನಾಗಿ ಊಹಿಸಲು. ಗೂಗಲ್ ಇದನ್ನು 2024ರ ಫೆಬ್ರುವರಿಯಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಇದು ನಿಯಮಗಳ ಪಟ್ಟಿಯಲ್ಲ, ಕೋಟಿಗಟ್ಟಲೆ ಫೈಲುಗಳಿಂದ ಕಲಿತ ನ್ಯೂರಲ್ ಮಾದರಿ. ಮೊದಲ ಬಿಡುಗಡೆಯಲ್ಲಿ ಆ ಮಾದರಿಯ ಗಾತ್ರ ಸುಮಾರು 1 ಎಂಬಿ ಮಾತ್ರ. ಗ್ರಾಫಿಕ್ಸ್ ಕಾರ್ಡ್ ಬೇಡ, ಇಂಟರ್ನೆಟ್ ಬೇಡ, ಫೈಲ್ ನಿಮ್ಮ ಕಂಪ್ಯೂಟರ್ ಬಿಟ್ಟು ಹೋಗುವುದಿಲ್ಲ. ಫೈಲ್ ಎಷ್ಟೇ ದೊಡ್ಡದಿರಲಿ, ಅದರ ಸ್ವಲ್ಪ ಭಾಗವನ್ನಷ್ಟೇ ಓದುತ್ತದೆ. ಮಾದರಿ ಒಮ್ಮೆ ಲೋಡ್ ಆದ ಮೇಲೆ ಒಂದೊಂದು ಫೈಲಿಗೆ ಕೆಲವೇ ಮಿಲಿಸೆಕೆಂಡು.

ನನ್ನ ರಾಶಿಯಲ್ಲಿ 'ಫೈಲ್' ಕಮಾಂಡ್ ಆಸ್ಕಿ ಟೆಕ್ಸ್ಟ್ ಎಂದು ಒಂದೇ ಗುಡ್ಡೆ ಮಾಡಿದ್ದನ್ನು ಮ್ಯಾಜಿಕಾ ಪೈಥಾನ್, ಶೆಲ್, ಎಚ್‌ಟಿಎಂಎಲ್, ಸಿಎಸ್‌ವಿ ಎಂದು ಬಿಡಿಸಿಕೊಟ್ಟಿತು. ಅಷ್ಟಕ್ಕೇ ಅದನ್ನು ಹಾಕಿಕೊಂಡದ್ದು ಸಾರ್ಥಕ. ಎಷ್ಟು ಖಾತ್ರಿ ಎಂದು ಅಂಕವನ್ನೂ ಕೊಡುತ್ತದೆ. ಅಂಕ ಕಡಿಮೆ ಇದ್ದವನ್ನು ಬೇರೆ ಇಟ್ಟು ಕಣ್ಣಲ್ಲಿ ನೋಡಬಹುದು. ಆದರೆ ಇದು ಕಲಿತಿರುವ ಬಗೆಗಳು ಕೆಲವು ನೂರರ ಒಳಗೆ. 'ಫೈಲ್' ಕಮಾಂಡಿನ ಪಟ್ಟಿ ಅದಕ್ಕಿಂತ ಬಹಳ ದೊಡ್ಡದು. ಹಳೆಯ ಕಾಲದ ಅಪರೂಪದ ಫಾರ್ಮ್ಯಾಟುಗಳಿಗೆ ಮ್ಯಾಜಿಕಾವನ್ನು ನಂಬಿ ಕೂರಬೇಡಿ. ಚಿತ್ರದ ಅಳತೆ, ಪಿಡಿಎಫ್‌ನ ಆವೃತ್ತಿ ಇಂಥ ವಿವರವೂ ಅದರಿಂದ ಸಿಗುವುದಿಲ್ಲ.

ಇಲ್ಲಿ ಕನ್ನಡಿಗರಿಗೆ ಇನ್ನೂ ಒಂದು ತೊಡಕಿದೆ. ಯೂನಿಕೋಡ್ ಬರುವ ಮುಂಚೆ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲುಗಳು ನಮ್ಮೆಲ್ಲರ ಹಳೆಯ ಡಿಸ್ಕುಗಳಲ್ಲಿ ಇವೆ. ಅವುಗಳಲ್ಲಿ ಇರುವುದು ಕನ್ನಡ ಅಕ್ಷರಗಳ ಸಂಕೇತವಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳ ಮೇಲೆ ಫಾಂಟು ಕನ್ನಡದ ರೂಪ ತೋರಿಸುತ್ತಿತ್ತು ಅಷ್ಟೇ. ಅಂಥ ಟೆಕ್ಸ್ಟ್ ಫೈಲನ್ನು 'ಫೈಲ್' ಕಮಾಂಡ್ ಐಎಸ್‌ಒ-8859 ಟೆಕ್ಸ್ಟ್ ಎನ್ನುತ್ತದೆ, ಇಲ್ಲವೇ ಐಎಸ್‌ಒ ಅಲ್ಲದ ವಿಸ್ತೃತ ಆಸ್ಕಿ ಎನ್ನುತ್ತದೆ. ಒಳಗೆ ಕನ್ನಡ ಇದೆ ಎಂದು ನಾನು ನೋಡಿದ ಯಾವ ಸಾಧನವೂ ಹೇಳಲಿಲ್ಲ.

ಹಾಗಾಗಿ ಸುತ್ತು ದಾರಿ ಹಿಡಿಯಬೇಕು. ಡಾಕ್‌ಎಕ್ಸ್ ಆದರೆ ಅನ್‌ಜಿಪ್ ಮಾಡಿ, ಒಳಗಿನ ಫಾಂಟ್‌ಟೇಬಲ್ ಎಂಬ ಎಕ್ಸ್‌ಎಂಎಲ್ ಫೈಲಿನಲ್ಲಿ ನುಡಿ ಅಥವಾ ಬಿಆರ್‌ಎಚ್ ಎಂಬ ಫಾಂಟ್ ಹೆಸರನ್ನು ಗ್ರೆಪ್‌ನಿಂದ ಹುಡುಕಿ. ಆರ್‌ಟಿಎಫ್ ಆದರೆ ನೇರವಾಗಿ ಗ್ರೆಪ್ ಸಾಕು, ಫಾಂಟುಗಳ ಪಟ್ಟಿ ಶುರುವಿನಲ್ಲೇ ಇರುತ್ತದೆ. ಹಳೆಯ ಡಾಕ್ ಫೈಲಿಗೆ, ಒಳಗಿನ ಓದಬಲ್ಲ ಪದಗಳನ್ನಷ್ಟೇ ತೋರಿಸುವ ಸ್ಟ್ರಿಂಗ್ಸ್ ಕಮಾಂಡಿನಲ್ಲಿ 'ಹೈಫನ್ ಇ' ಕೊಟ್ಟು, ಅದರ ಮುಂದೆ ಚಿಕ್ಕಕ್ಷರದ 'ಎಲ್' ಕೊಡಿ. ಯಾಕೆಂದರೆ ಅದರಲ್ಲಿ ಫಾಂಟಿನ ಹೆಸರನ್ನು ಒಂದೊಂದು ಅಕ್ಷರಕ್ಕೆ ಎರಡು ಬೈಟಿನಂತೆ ಬರೆದಿರುತ್ತದೆ.

ಯೂನಿಕೋಡ್ ಕನ್ನಡದ ಗುರುತು ಬಹಳ ಸುಲಭ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಚಿಹ್ನೆಗೂ ಮೂರು ಬೈಟು. ಮೊದಲೆರಡು ಬೈಟುಗಳು ಇ0 ಬಿ2, ಇಲ್ಲವೇ ಇ0 ಬಿ3. ಫೈಲಿನ ಬೈಟುಗಳನ್ನು ಹಾಗೇ ಅಂಕಿಗಳಲ್ಲಿ ತೋರಿಸುವ ಎಕ್ಸ್‌ಎಕ್ಸ್‌ಡಿ ಕಮಾಂಡಿನಲ್ಲಿ ಈ ಜೋಡಿ ಸಾಲುಸಾಲಾಗಿ ಕಂಡರೆ ಅದು ಕನ್ನಡವೇ. ಇದನ್ನು ಒಮ್ಮೆ ಕಣ್ಣಿಗೆ ರೂಢಿ ಮಾಡಿಕೊಂಡರೆ ಯಾವ ಸಾಧನದ ಹಂಗೂ ಬೇಡ.

ದಾಖಲೆ ಕಾಪಾಡುವವರಿಗೆ ಸೀಗ್‌ಫ್ರೀಡ್

ಗ್ರಂಥಾಲಯ, ಮಠದ ಭಂಡಾರ, ಕಾಲೇಜಿನ ಹಳೆಯ ಪ್ರಬಂಧಗಳು, ಇಂಥವನ್ನು ಡಿಜಿಟಲ್ ಮಾಡುವವರಿಗೆ 'ಪಿಡಿಎಫ್' ಎಂಬ ಉತ್ತರ ಸಾಲದು. ಯಾವ ಪಿಡಿಎಫ್? 1.4 ಆವೃತ್ತಿಯದೋ, ಕಾದಿಡಲೆಂದೇ ಮಾಡಿದ ಪಿಡಿಎಫ್/ಎ ಬಗೆಯದೋ? ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್ ಇಂಥ ಪ್ರತಿಯೊಂದು ಬಗೆಗೂ ಒಂದು ಸಂಖ್ಯೆ ಕೊಟ್ಟು ಪ್ರೋನಾಮ್ ಎಂಬ ಪಟ್ಟಿ ಇಟ್ಟಿದೆ. ಪಿಡಿಎಫ್ 1.4 ಅಂದರೆ ಎಫ್‌ಎಂಟಿ/18. ಡಾಕ್‌ಎಕ್ಸ್ ಅಂದರೆ ಎಫ್‌ಎಂಟಿ/412. ರಿಚರ್ಡ್ ಲೆಹೇನ್ ಅವರು ಗೋ ಭಾಷೆಯಲ್ಲಿ ಬರೆದ ಸೀಗ್‌ಫ್ರೀಡ್ ಆ ಪಟ್ಟಿಯನ್ನೇ ಬಳಸುತ್ತದೆ. ಕಮಾಂಡಿನ ಹೆಸರು ಬರೀ ಎರಡಕ್ಷರ, ಎಸ್‌ಎಫ್.

ಇದರಲ್ಲಿ ನನಗೆ ಇಷ್ಟವಾದದ್ದು ಪ್ರಾಮಾಣಿಕತೆ. ಗೊತ್ತಿಲ್ಲದಿದ್ದರೆ 'ಅನ್‌ನೋನ್' ಎನ್ನುತ್ತದೆ. ಯಾವ ಆಧಾರದ ಮೇಲೆ ಉತ್ತರ ಕೊಟ್ಟೆ ಎನ್ನುವುದನ್ನೂ ಬರೆಯುತ್ತದೆ. ಎಕ್ಸ್‌ಟೆನ್ಷನ್ ಹೊಂದದಿದ್ದರೆ ಎಚ್ಚರಿಸುತ್ತದೆ. ಫಲಿತಾಂಶವನ್ನು ಸಿಎಸ್‌ವಿ ಮಾಡಿ ಕೊಡುತ್ತದೆ, ಬೇಕಿದ್ದರೆ ಪ್ರತಿ ಫೈಲಿನ ಹ್ಯಾಶ್ (ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಸಮೇತ. ಅದೇ ಆರ್ಕೈವ್ಸ್‌ನ ಡ್ರಾಯ್ಡ್ ಕೂಡ ಇದೇ ಕೆಲಸ ಮಾಡುತ್ತದೆ, ಕಿಟಕಿ ಬಟನ್ನುಗಳೂ ಇವೆ. ಆದರೆ ಅದಕ್ಕೆ ಜಾವಾ ಬೇಕು. ಕಮಾಂಡ್ ಲೈನ್ ಒಗ್ಗದ ಸಹೋದ್ಯೋಗಿಗಳಿದ್ದರೆ ಡ್ರಾಯ್ಡ್, ಇಲ್ಲದಿದ್ದರೆ ಸೀಗ್‌ಫ್ರೀಡ್. ಮನೆಯ ಡಿಸ್ಕಿಗೆ ಇಷ್ಟೆಲ್ಲ ಬೇಕಿಲ್ಲ ಎನ್ನುವುದು ನನ್ನ ಅನಿಸಿಕೆ.

ಉಳಿದವು ಬೇಗ ಹೇಳಿ ಮುಗಿಸಬಹುದು. ಮಾರ್ಕೊ ಪೊಂಟೆಲ್ಲೊ ಅವರ ಟ್ರಿಡ್ ಹಲವು ಸಾಧ್ಯತೆಗಳನ್ನು ಶೇಕಡಾ ಲೆಕ್ಕದಲ್ಲಿ ಕೊಡುತ್ತದೆ. ವಿಚಿತ್ರ ಫೈಲುಗಳಿಗೆ ಒಳ್ಳೆಯದು, ಆದರೆ ಉಚಿತವಾಗಿರುವುದು ಸ್ವಂತ ಬಳಕೆಗೆ ಮಾತ್ರ, ಕಂಪನಿ ಕೆಲಸಕ್ಕಲ್ಲ. ರೂಟರಿನ ಫರ್ಮ್‌ವೇರ್‌ನಂಥ ಒಂದೇ ಫೈಲಿನೊಳಗೆ ಹಲವು ಫೈಲುಗಳು ಅಡಗಿದ್ದರೆ ಬಿನ್‌ವಾಕ್ ಬಳಸಿ. ವಿಡಿಯೊದೊಳಗೆ ಯಾವ ಕೋಡೆಕ್ (ವಿಡಿಯೊವನ್ನು ಒತ್ತಿ ಚಿಕ್ಕದು ಮಾಡಿದ ವಿಧಾನ) ಇದೆ ಎನ್ನುವುದಕ್ಕೆ ಎಫ್‌ಎಫ್‌ಪ್ರೋಬ್.

ಅಪರಿಚಿತರ ಫೈಲ್ ಆದರೆ

ವೆಬ್‌ಸೈಟಿಗೆ ಜನ ಅಪ್‌ಲೋಡ್ ಮಾಡುವ ಫೈಲುಗಳನ್ನು ಪರೀಕ್ಷಿಸುವವರು ಇನ್ನೊಂದು ವಿಷಯ ಯೋಚಿಸಬೇಕು. ಫೈಲನ್ನು ಹೆಚ್ಚು ಆಳಕ್ಕೆ ಓದುವ ಸಾಧನದಲ್ಲಿ ದೋಷಗಳಿಗೂ ಹೆಚ್ಚು ಜಾಗವಿರುತ್ತದೆ. 2021ರಲ್ಲಿ ಎಕ್ಸಿಫ್‌ಟೂಲ್‌ನಲ್ಲಿ ಅಂಥದ್ದೊಂದು ಸಿಕ್ಕಿತು. ಬೇಕೆಂದೇ ತಯಾರಿಸಿದ ಚಿತ್ರವನ್ನು ಅದು ಓದಿದರೆ ಸಾಕು, ದಾಳಿಕೋರರ ಕಮಾಂಡ್ ನಡೆಯುತ್ತಿತ್ತು. 12.24ನೇ ಆವೃತ್ತಿಯಲ್ಲಿ ಸರಿಪಡಿಸಿದರು. ಹಳೆಯ ಸರ್ವರ್ ಇದ್ದರೆ ಇವತ್ತೇ ಆವೃತ್ತಿ ನೋಡಿಕೊಳ್ಳಿ. ಅಪ್‌ಲೋಡ್‌ಗೆ ನಾನಾದರೆ 'ಫೈಲ್' ಮತ್ತು ಮ್ಯಾಜಿಕಾ ಎರಡನ್ನೂ ಕೇಳಿ, ಎರಡೂ ಒಪ್ಪಿದರೆ ಮಾತ್ರ ಒಳಗೆ ಬಿಡುತ್ತೇನೆ. ಆಗಲೂ ಅದು ನಿರಪಾಯ ಎಂದಲ್ಲ. ಒಂದೇ ಫೈಲ್ ಎರಡು ಬಗೆಯಾಗಿಯೂ ಸರಿ ಇರುವಂತೆ ಕಟ್ಟಬಹುದು. ಚಿತ್ರವನ್ನು ಮತ್ತೆ ಹೊಸದಾಗಿ ಎನ್‌ಕೋಡ್ ಮಾಡಿ ಇಟ್ಟುಕೊಳ್ಳುವುದು ಇದಕ್ಕಿಂತ ಗಟ್ಟಿ ರಕ್ಷಣೆ.

ನಾನು ಮಾಡಿದ ಕ್ರಮ

ಮೊದಲು ಡಿಸ್ಕಿನ ಪೂರ್ತಿ ನಕಲು ತೆಗೆದೆ. ಕೆಲಸವೆಲ್ಲ ನಕಲಿನ ಮೇಲೆ. ಆಮೇಲೆ ಫೈಂಡ್‌ನಿಂದ ಎಲ್ಲ ಫೈಲುಗಳನ್ನೂ 'ಫೈಲ್' ಕಮಾಂಡಿಗೆ ಕೊಟ್ಟೆ. ಫೈಂಡ್‌ನ 'ಎಕ್ಸೆಕ್' ಆಯ್ಕೆಯ ಕೊನೆಗೆ ಸೆಮಿಕೋಲನ್ ಬದಲು + ಹಾಕಿದರೆ ಒಂದೇ ಸಲ ನೂರಾರು ಫೈಲುಗಳು ಹೋಗುತ್ತವೆ, ಕೆಲಸ ಬಹಳ ಬೇಗ ಆಗುತ್ತದೆ. ಬಂದ ಉತ್ತರವನ್ನು ಸಾರ್ಟ್ ಮಾಡಿ, ಯುನೀಕ್‌ನಲ್ಲಿ ಎಣಿಸಿ, ಯಾವ ಬಗೆ ಎಷ್ಟಿದೆ ಎಂದು ನೋಡಿದೆ. ಚಿತ್ರಗಳೆಲ್ಲ ಎಕ್ಸಿಫ್‌ಟೂಲ್‌ಗೆ ಹೋದವು. ಟೆಕ್ಸ್ಟ್ ಗುಡ್ಡೆ ಮ್ಯಾಜಿಕಾಗೆ. ಜಿಪ್ ಎಂದವನ್ನು ಅನ್‌ಜಿಪ್ ಪಟ್ಟಿಯಿಂದ ಬಿಡಿಸಿದೆ. ನಿಮ್ಮದು ಎರಡು ಜಿಬಿ ರ‍್ಯಾಮಿನ ಹಳೆಯ ಲ್ಯಾಪ್‌ಟಾಪ್ ಆಗಿದ್ದು ಹೊಸದೇನೂ ಹಾಕುವ ಹಾಗಿಲ್ಲದಿದ್ದರೆ, 'ಫೈಲ್' ಮತ್ತು ಎಕ್ಸ್‌ಎಕ್ಸ್‌ಡಿ ಎರಡರಿಂದಲೇ ಬಹುಪಾಲು ಕೆಲಸ ಮುಗಿಸಬಹುದು.

ಕೊನೆಗೆ 'ಡೇಟಾ' ಎಂಬ ಒಂದೇ ಪದದ ಉತ್ತರ ಬಂದ ಚಿಕ್ಕ ರಾಶಿ ಉಳಿಯಿತು. 'ಫೈಲ್' ಕಮಾಂಡಿನಲ್ಲಿ ಹಾಗೆಂದರೆ ತನಗೆ ತಿಳಿಯಲಿಲ್ಲ ಎಂದರ್ಥ. ಅಳಿಸಿಬಿಡೋಣ ಎನಿಸಿತ್ತು. ಆದರೂ ಒಂದೊಂದಾಗಿ ಎಕ್ಸ್‌ಎಕ್ಸ್‌ಡಿಯಲ್ಲಿ ನೋಡಿದೆ. ಒಂದರಲ್ಲಿ ಶುರುವಿಗೆ ಬರೀ ಸೊನ್ನೆಗಳು, ಪುಟಗಟ್ಟಲೆ. ಕೆಳಗೆ ಹೋದ ಹಾಗೆ ಇ0 ಬಿ2, ಇ0 ಬಿ3 ಬರತೊಡಗಿತು. ಡಿಸ್ಕ್ ಕೆಟ್ಟಾಗ ಮೊದಲ ಭಾಗ ಮಾತ್ರ ಹಾಳಾಗಿತ್ತು. ಟೆಕ್ಸ್ಟ್‌ನಲ್ಲಿ ಸೊನ್ನೆ ಬೈಟು ಇರಬಾರದು, ಅದಕ್ಕೇ 'ಫೈಲ್' ಅದನ್ನು ಟೆಕ್ಸ್ಟ್ ಎಂದು ಒಪ್ಪಿರಲಿಲ್ಲ. ಟಿಆರ್ ಕಮಾಂಡಿನಲ್ಲಿ 'ಹೈಫನ್ ಡಿ' ಕೊಟ್ಟು ಸೊನ್ನೆಗಳನ್ನು ತೆಗೆದೆ. ಅಮ್ಮ ಹೇಳುತ್ತಾ ಹೋದಂತೆ ನಾನು ಟೈಪ್ ಮಾಡಿಕೊಂಡಿದ್ದ ಅಡುಗೆಯ ಪಟ್ಟಿ ಅದು. ಮೊದಲ ಕೆಲವು ಅಡುಗೆಗಳು ಹೋಗಿದ್ದವು. ಮಿಡಿ ಉಪ್ಪಿನಕಾಯಿಯಿಂದ ಮುಂದೆ ಎಲ್ಲವೂ ಇತ್ತು.